ನೀಲಿಯಾದ ಬತ್ತಿ

ಕೊಣ್ಣೂರಿನ ಆ ಓಣಿಯಲ್ಲಿ ನೀರು ಕುಡಿಯುವ ಕಂಪ್ಯೂಟರ್ ಇರುವ ಮನೆ ಯಾವುದೆಂದು ಕೇಳಿದರೆ ಯಾರು ಬೇಕಾದರೂ ಕೈಮಾಡಿ ತೋರಿಸುತ್ತಿದ್ದರು. ಅನ್ನಪೂರ್ಣಾಳ ಮನೆಗೆ ಬಂದ ಬೀಗರು ಚಹಾ ಕುಡಿಯುವ ಮೊದಲೇ ಒಳಗಿನ ಖೋಲಿಗೆ ಹೋಗಿ ಅದನ್ನು ನೋಡಿ ಬರುತ್ತಿದ್ದರು. ಗಾಜಿನ ಪೆಟ್ಟಿಗೆ, ಅದರೊಳಗೆ ಬೆರಳ ಗಾತ್ರದ ಪೈಪುಗಳು, ಪೈಪುಗಳಲ್ಲಿ ಸುತ್ತುವ ನೀಲಿ ನೀರು. ಒಳಗಿನ ಬಿಸಿಯನ್ನು ಹೊತ್ತೊಯ್ದು ರೇಡಿಯೇಟರಿನಲ್ಲಿ ಆರಿಸಿಕೊಂಡು ಮತ್ತೆ ತಿರುಗಿ ಬರುವ ನೀರು. “ಟ್ರ್ಯಾಕ್ಟರ್ ಇದ್ದಂಗ ನೋಡ್ರಿ ಕಾಕಾ” ಎಂದು ಅವಳ ಮಗ ಸ್ವಪ್ನಿಲ್ ಎಲ್ಲರಿಗೂ ಒಂದೇ ಮಾತಿನಲ್ಲಿ ತಿಳಿಸಿಬಿಡುತ್ತಿದ್ದ. ಕಡೆಗೆ ಒಂದು ಮಾತು ಸೇರಿಸುತ್ತಿದ್ದ: “ಎಲ್ಲಾ ನನ್ನ ಕೈಲೇ ಜೋಡಿಸೇನಿ. ಒಂದು ಸ್ಕ್ರೂ ಸುದ್ದಾ ಮತ್ತೊಬ್ರು ಮುಟ್ಟಿಲ್ಲ.”

ಆ ಮಾತು ಹೇಳುವಾಗ ಅವನ ಕೈಗಳು ಗಾಲಿ ಕುರ್ಚಿಯ ತೋಳುಗಳ ಮೇಲೆ, ಯಾರೋ ಇಟ್ಟು ಮರೆತುಹೋದ ಸಾಮಾನಿನಂತೆ ಬಿದ್ದಿರುತ್ತಿದ್ದವು.

ಸ್ನಾಯು ಸವೆಯುವ ರೋಗ. ಮೊದಲು ಕಾಲು ಹೋದವು. ಶಾಲೆಗೆ ಹೋಗುತ್ತಿದ್ದ ಹುಡುಗ ಮೆಟ್ಟಿಲ ಮೇಲೆ ಬೀಳತೊಡಗಿದ, ಆಮೇಲೆ ಸಪಾಟು ನೆಲದ ಮೇಲೂ ಬಿದ್ದ. ಬೆಳಗಾವಿಯ ಡಾಕ್ಟರು, ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವಂಥದ್ದು ಎಂದು ಹೇಳಿದಾಗ ಅನ್ನಪೂರ್ಣಾಳಿಗೆ ಮೂಡಲಗಿಯ ತವರುಮನೆಯ ಪಡಸಾಲೆ ಕಣ್ಣಮುಂದೆ ಬಂದಿತ್ತು. ಅಲ್ಲಿ ಅವಳ ತಮ್ಮ ಮಾಯಪ್ಪ ಹೊರಸಿನ ಮೇಲೆಯೇ ಬೆಳೆದು, ಮೀಸೆ ಮೂಡುವಷ್ಟರಲ್ಲಿ ಹೊರಸಿನ ಮೇಲೆಯೇ ಹೋಗಿದ್ದ. ಆಗ ಊರವರೆಲ್ಲ ಅದನ್ನು ದೇವರ ಕಾಟ ಎಂದಿದ್ದರು. ಡಾಕ್ಟರು ಹೇಳಿದ ಮಾತು ಅತ್ತೆ ಬಾಳವ್ವನ ಕಿವಿಗೂ ಬಿದ್ದಿತ್ತು. ಅಂದಿನಿಂದ ಆ ಮನೆಯಲ್ಲಿ ಹಾಲು ಒಡೆದರೂ ಅನ್ನಪೂರ್ಣಾಳದೇ ತಪ್ಪು.

ಕೈಗಳ ಸರದಿ ಬರುವ ಮುಂಚೆ ಸ್ವಪ್ನಿಲ್ ಈ ಪೆಟ್ಟಿಗೆಯನ್ನು ಜೋಡಿಸಿದ್ದ. ಅದರಲ್ಲಿ ಆಟ ಆಡುತ್ತಿದ್ದ, ಲಗ್ನದ ವಿಡಿಯೋ ಕತ್ತರಿಸಿ ಜೋಡಿಸಿಕೊಡುತ್ತಿದ್ದ. ಬೆಲ್ಲದ ಬಾಗೇವಾಡಿಯ ಭೀಮೇಶನಿಂದ ಹಿಡಿದು ಕಂಡು ಕೇಳರಿಯದ ಊರಿನ ಹುಡುಗರವರೆಗೆ ಅವನಿಗೆ ಅದರೊಳಗೇ ಗೆಳೆಯರು. ಈಗ ಬೆರಳುಗಳು ಮೌಸಿನ ಗುಂಡಿಯನ್ನಷ್ಟೇ ಒತ್ತಬಲ್ಲವು. ಆದರೂ ಪೆಟ್ಟಿಗೆ ಕಣ್ಣೆದುರಿಗಿತ್ತು. ಒಂದು ಕಾಲಕ್ಕೆ ತನಗೂ ಎಲ್ಲರಂತೆ ಕೈ ಇದ್ದವು ಎನ್ನಲು ಅವನ ಬಳಿ ಇದ್ದ ಸಾಕ್ಷಿ ಅದೊಂದೇ.

ಅದು ಈಗ ಹಚ್ಚಿದ ಸ್ವಲ್ಪ ಹೊತ್ತಿಗೆ ಬಿಸಿಯಾಗಿ ತಾನೇ ಆರಿಹೋಗುತ್ತಿತ್ತು.

ಗೋಕಾಕದಿಂದ ಕರೆಸಿದ ರಿಪೇರಿಯ ಸಿದ್ರಾಮ ಬಾಗಿಲಲ್ಲಿ ನಿಂತೇ ಕೈ ಮುಗಿದಿದ್ದ. “ಕರೆಂಟಿನ ಬಾಜೂಕ ನೀರು ಹರಸ್ಯಾರ್ರಿ ಅಕ್ಕಾರ! ನಂಗ ಹೇಣ್ತಿ ಮಕ್ಕಳು ಅದಾರ್ರಿ. ಇದನ್ನ ಯಾರು ಮಾಡ್ಯಾರ ಅವರ್ನ ಕೇಳ್ರಿ.”

ಮಾಡಿದವನು ಕುರ್ಚಿಯಲ್ಲಿದ್ದ. ಹಾಗಾಗಿ ಆ ರವಿವಾರ ಮುಂಜಾನೆ, ಖಾನಾವಳಿಗೆ ಕೊಡುವ ರೊಟ್ಟಿ ಬಡಿದು ಮುಗಿಸಿ, ಅನ್ನಪೂರ್ಣಾ ಸೆರಗು ಸಿಕ್ಕಿಸಿಕೊಂಡು ಪೆಟ್ಟಿಗೆಯ ಮುಂದೆ ಕುಳಿತಳು. ಮಗ ಹೇಳಬೇಕು, ಅವಳು ಮಾಡಬೇಕು.

“ಎರಡೂ ಪೈಪ್ ಮುಟ್ಟಿ ನೋಡು. ಒಂದ ಥರ ಬೆಚ್ಚಗದಾವೇನು?”

ಅವಳು ಮುಟ್ಟಿದಳು, ತಲೆ ಅಲ್ಲಾಡಿಸಿದಳು. “ಹೆಂಚಿನ ಮ್ಯಾಲ ಸುಟ್ಟು ಸುಟ್ಟು ಬೆರಳಿಗೆ ಏನೂ ತಿಳಿವಲ್ದೋ.”

“ಮತ್ತ ಗಲ್ಲಾ ಹಚ್ಚಿ ನೋಡು.”

ಅವಳು ಬಗ್ಗಿ, ಕೂಸಿನ ಜ್ವರ ನೋಡುವವಳಂತೆ ಒಂದೊಂದೇ ಪೈಪಿಗೆ ಗಲ್ಲ ತಾಗಿಸಿದಳು. “ಇದು ಸುಡತೈತಿ. ಇದು ತಣ್ಣಗೈತಿ.”

“ಅಂದ್ರ ನೀರು ಓಡವಲ್ದು. ಮ್ಯಾಲಿನ ಡಬ್ಬಿ ನೋಡು, ನೀರು ಎಲ್ಲಿಮಟಾ ಐತಿ?”

“ತಳಕ್ಕ ಹೋಗೇತಿ.”

“ತಳಕ್ಕ!” ಅವನ ದನಿ ಏರಿತು. “ಮೊನ್ನೆ ತುಂಬಿದ್ದಲ್ಲ? ಯಾವ ನೀರು ಹಾಕಿದ್ದಿ, ಖರೇ ಹೇಳು. ಬೋರಿಂದು?”

“ಬ್ಯಾಟರಿ ಅಂಗಡಿ ನೀರೇ ಹಾಕೇನೋ ನನ್ನಪ್ಪಾ. ಕ್ಯಾನು ಅಲ್ಲೇ ಐತಿ ನೋಡು.”

ಸ್ವಪ್ನಿಲ್ ಕ್ಯಾನು ನೋಡಲಿಲ್ಲ. ಪೆಟ್ಟಿಗೆಯನ್ನೇ ನೋಡುತ್ತಿದ್ದ. “ಎಲ್ಲೋ ಸೋರಾಕತ್ತೈತಿ” ಎಂದ, ಮೆಲ್ಲಗೆ.

ಸೋರುವ ಜಾಗ ಹುಡುಕುವ ಉಪಾಯ ಅವನೇ ಹೇಳಿದ. ಸ್ವಿಚ್ ಆರಿಸಿ, ಬೋರ್ಡಿಗೆ ಹೋಗುವ ದಪ್ಪ ಪ್ಲಗ್ಗನ್ನು ಕಿತ್ತು, ಅದರ ಹಸಿರು ವಾಯರಿನ ತೂತಿಗೂ ಪಕ್ಕದ ಕರಿ ವಾಯರಿನ ತೂತಿಗೂ ತಲೆಯ ಪಿನ್ನು ಬಗ್ಗಿಸಿ ಸಿಕ್ಕಿಸಬೇಕು. ಆಮೇಲೆ ಸ್ವಿಚ್ ಹಾಕಿದರೆ ಉಳಿದದ್ದೆಲ್ಲ ಸತ್ತಂತಿದ್ದು ಪಂಪೊಂದೇ ತಿರುಗುತ್ತದೆ. ಡಬ್ಬಿ ತುಂಬಿಸಿ, ಪೆಟ್ಟಿಗೆಯನ್ನು ಆಚೀಚೆ ವಾಲಿಸಿ ಒಳಗಿನ ಗಾಳಿ ಹೊರಗೆ ಹಾಕಬೇಕು. ಪೈಪು ಕೂಡುವ ಪ್ರತಿ ಜಾಗಕ್ಕೂ ಕಾಗದ ಸುತ್ತಿ ಬಿಡಬೇಕು. ಯಾವುದು ನೀಲಿಯಾಗುತ್ತದೋ ಅದೇ ಕಳ್ಳ.

ಕಾಗದ ನಿಲ್ಲಲಿಲ್ಲ, ಹರಿಯಿತು. ಅನ್ನಪೂರ್ಣಾ ಎದ್ದುಹೋಗಿ ದೇವರ ಜಗಲಿಯಿಂದ ಬಾಳವ್ವ ಹೊಸೆದಿಟ್ಟಿದ್ದ ಉದ್ದ ಬತ್ತಿಗಳನ್ನು ತಂದಳು.

“ಏ, ದೇವರ ಬತ್ತಿ ಎಲ್ಲಿ ಒಯ್ಯಾಕತ್ತಿ?” ಪಡಸಾಲೆಯಿಂದ ಬಾಳವ್ವ ಕೂಗಿದಳು.

“ನಿಮ್ಮ ಮೊಮ್ಮಗನ ಮಶೀನಕ್ರಿ ಅತ್ತಿ.”

“ಹೌದವಾ. ದೇವರಿಗೆ ಕತ್ತಲಿ, ಮಶೀನಿಗೆ ಬತ್ತಿ.”

ಸ್ವಪ್ನಿಲ್ ನಕ್ಕ. ಆ ದಿನ ಅವನು ನಕ್ಕದ್ದು ಅದೊಂದೇ ಸಲ.

ಪಂಪು ಗೊರಗೊರ ಎಂದು, ಗಾಳಿಯ ಗುಳ್ಳೆ ಉಗುಳಿ, ಆಮೇಲೆ ಹದಕ್ಕೆ ಬಂತು. ಅನ್ನಪೂರ್ಣಾ ಭಾಂಡಿ ತಿಕ್ಕಿದಳು, ಮಗನಿಗೆ ಉಣಿಸಿದಳು, ಬಾಯಿ ಒರೆಸಿದಳು. ಪಾತ್ರೆ ಕವುಚಿಟ್ಟು ಬಂದು ನೋಡಿದರೆ ಮುಂದಿನ ಬತ್ತಿಗಳೆಲ್ಲ ಬೆಳ್ಳಗೆ, ಕಟ್ಟಿದಂತೆಯೇ ಇದ್ದವು. ಅವಳು ಪೆಟ್ಟಿಗೆಯನ್ನು ಸ್ವಲ್ಪ ಎಳೆದು ಹಿಂದೆ, ಗೋಡೆಯ ಕಡೆ, ಬಗ್ಗಿದಳು. ಅಲ್ಲಿ, ಚಿತ್ರ ಮೂಡಿಸುವ ದಪ್ಪ ಕಾರ್ಡಿನ ಅಡಿಯಲ್ಲಿ, ಒಂದು ಬತ್ತಿ ನೀಲಿಯಾಗಿತ್ತು.

ಪೈಪನ್ನು ಹಿಡಿದಿಡುವ ಹಿತ್ತಾಳಿ ಬಳೆಗೆ ಅವಳು ಬೆರಳು ಹಚ್ಚಿದಳು. ಬಳೆ ಸುಮ್ಮನೆ ತಿರುಗಿತು. ಅದರ ಅಂಚಿನ ತುಂಬ ಗೀರುಗಳಿದ್ದವು. ಇಕ್ಕಳದ ಹಲ್ಲಿನ ಗುರುತು. ಹಿಡಿದು ಜಾರಿ, ಮತ್ತೆ ಹಿಡಿದು ಜಾರಿ ಬಿದ್ದ ಗುರುತು. ಅವಳು ಅದರ ಬಾಜೂದ ಇನ್ನೊಂದನ್ನು ಮುಟ್ಟಿದಳು. ಅದೂ ಅರೆಬರೆ. ಮುಂದಿನವನ್ನು ಮುಟ್ಟಿದಳು. ಅವು ಕಲ್ಲಿನಂತೆ ಗಟ್ಟಿ.

ಮುಂದಿನವನ್ನು ಅವನು ಮೊದಲು ಜೋಡಿಸಿದ್ದ. ಅವಳಿಗೆ ನೆನಪಿತ್ತು. ಹಿಂದಿನವನ್ನು ಕಡೆಗೆ, ಬಾಗಿಲು ಹಾಕಿಕೊಂಡು ಜೋಡಿಸಿದ್ದ. ಚಹಾ ಒಯ್ದಾಗ “ಒಳಗ ಬರಬ್ಯಾಡ” ಎಂದು ಚೀರಿದ್ದ. ಹುಡುಗನ ಹಟ ಎಂದುಕೊಂಡು ಅವಳು ಕಪ್ಪುಬಶಿಯನ್ನು ಹೊಸ್ತಿಲ ಮೇಲಿಟ್ಟು ಬಂದಿದ್ದಳು. ಕೈಗಳು ಹೋದದ್ದು ಆಮೇಲಲ್ಲ. ಆಗಲೇ ಹೊರಟಿದ್ದವು.

“ಯಾವುದು?” ಸ್ವಪ್ನಿಲ್ ಕೇಳಿದ. ಕುರ್ಚಿಯಿಂದ ಅವನಿಗೆ ಹಿಂಬದಿ ಕಾಣುತ್ತಿರಲಿಲ್ಲ.

ಅನ್ನಪೂರ್ಣಾ ನೀಲಿ ಬತ್ತಿಯನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದಳು.

“ಅವ್ವಾ, ಯಾವುದು ಅಂತೀನಿ?”

“ಹಿಂದಿಂದು ಒಂದು” ಎಂದಳು. “ಅದು ನಂದ ತಪ್ಪೋ. ದಸರಾದಾಗ ಖಂಡೆ ಪೂಜಿ ದಿನ ಇದಕ್ಕ ಹೂವಿನ ಸರಾ ಹಾಕಿದ್ನಲ್ಲ, ಆವಾಗ ಕೈ ಬಡದಿತ್ತು. ಅದಕ್ಕ ಸಡ್ಲ ಆಗಿರಬೇಕು. ನೀ ಬೈತಿ ಅಂತ ಹೇಳಿದ್ದಿಲ್ಲ.”

ಅವನ ಮೋರೆ ಕೆಂಪಾಯಿತು. “ಎಷ್ಟು ಸಲ ಹೇಳಿನಿ, ಮುಟ್ಟಬ್ಯಾಡ ಅಂತ! ನಾ ಇಷ್ಟು ಬಿಗಿ ಮಾಡಿಟ್ಟಿದ್ದನ್ನ…” ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದ.

ಅವಳಿಗೆ ಹಗುರೆನಿಸಿತು. ಬೈಯಲಿ. ಬೈದರೆ ಮುಗಿಯಿತು. ಹೊತ್ತ ತಪ್ಪುಗಳ ಮೇಲೆ ಇದೊಂದು ಏರಿದರೆ ಭಾರವೇನೂ ಅಲ್ಲ.

ಪಡಸಾಲೆಯಲ್ಲಿ ಬಾಳವ್ವನಿಗೆ ಎಲ್ಲ ಕೇಳಿಸಿತ್ತು. “ಅಕಿ ಕೈ ಹಚ್ಚಿದ್ದು ಯಾವುದು ನೆಟ್ಟಗಾಗೇತಿ? ಮಶೀನರ ಹೋಗ್ಲಿ, ಬಂಗಾರದಂಥ ನನ್ನ ಮೊಮ್ಮಗಾನೂ ಹಂಗ. ಕೆಡಿಸಿ ಹಡದ್ಲು.”

ಅನ್ನಪೂರ್ಣಾ ತಲೆ ಎತ್ತಲಿಲ್ಲ. ಆ ಮಾತಿಗೆ ಅವಳ ಕಿವಿಗಳೂ ಎಂದೋ ಸುಟ್ಟು ಮರಗಟ್ಟಿದ ಬೆರಳಿನಂತಾಗಿದ್ದವು.

ಆಮೇಲೆ ಸ್ವಪ್ನಿಲ್ ಮಾತಾಡಿದ, ಪಡಸಾಲೆಗೆ ಕೇಳುವಂತೆ.

“ಆಯಿ, ಸುಮ್ನ ಕುಂದ್ರ. ಅಕಿ ಸರಾ ಹಾಕಿದ್ದು ಮುಂದಿನ ಬಾಜೂಕ. ಹಿಂದ ಗ್ವಾಡಿ ಐತಿ, ಕೈ ಹೆಂಗ ಬಡೀತೈತಿ?”

“ಏನಂದಿ?”

“ಅದನ್ನ ಬಿಗಿ ಮಾಡಲಾರದ ಬಿಟ್ಟಾವ ನಾನ. ಬೊಟ್ಟು ತಿರಗಲಿಲ್ಲ ಆವತ್ತು. ಇಕ್ಕಳ ತಗೊಂಡ್ನಿ, ಅದೂ ಜಾರತು. ಆತು ಅಂತ ಬಾಗಲಾ ತಗದ್ನಿ.”

ಪಡಸಾಲೆಯಲ್ಲಿ ಬಾಳವ್ವ ಹೊಸ ಬತ್ತಿ ಹೊಸೆಯತೊಡಗಿದಳು. ಅನ್ನಪೂರ್ಣಾ ಪೆಟ್ಟಿಗೆಯ ಹಿಂದೆ ಬಗ್ಗಿದ್ದವಳು ಹಾಗೆಯೇ ಇದ್ದಳು. ಎದ್ದರೆ ಮಗನ ಮೋರೆ ನೋಡಬೇಕಾಗುತ್ತಿತ್ತು.

“ಅವ್ವಾ.”

“ಹಾಂ.”

“ಪಂಪ್ ಬಂದ್ ಮಾಡು. ಹಿಂದಿನವು ಎಲ್ಲಾ ಬಿಗಿ ಮಾಡು. ಕೈಲೇ ಮಾಡು, ಇಕ್ಕಳ ಬ್ಯಾಡ. ನಿನ್ನ ಕೈಯಾಗ ಕಸುವೈತಿ.”

ಅವಳು ಪಿನ್ನು ಕಿತ್ತಳು. ದಿನಾ ಹಿಟ್ಟು ನಾದುವ ಕೈ. ಬಳೆಗಳು ಒಂದೊಂದೇ ತಿರುಗಿ ಕಚ್ಚಿ ನಿಂತವು. ಹಸಿಯಾದ ಜಾಗವನ್ನೆಲ್ಲ ಅರಿವೆಯಿಂದ ಒರೆಸಿ, ಹೊಸ ಬತ್ತಿ ಕಟ್ಟಿ, ಪಂಪು ಓಡಿಸಿ ಸಂಜೆಯವರೆಗೆ ಕಾದರು. ಬತ್ತಿ ಬೆಳ್ಳಗೇ ಉಳಿಯಿತು. ದಪ್ಪ ಪ್ಲಗ್ಗನ್ನು ಮತ್ತೆ ಬೋರ್ಡಿಗೆ ಸಿಕ್ಕಿಸಿ ಸ್ವಿಚ್ ಒತ್ತಿದಾಗ ಪರದೆ ಬೆಳಗಿತು. ಅವಳು ಕೇಳದೆಯೇ ಎರಡೂ ಪೈಪಿಗೆ ಗಲ್ಲ ತಾಗಿಸಿದಳು.

“ಒಂದ ಥರ ಐತಿ” ಎಂದಳು.

ಅವನು ತಲೆಯಾಡಿಸಿದ. ಕಿವಿಗೆ ಹೆಡ್‌ಫೋನ್ ಹಾಕು ಎನ್ನಲಿಲ್ಲ. ಗೆಳೆಯರನ್ನು ಕರೆಯಲಿಲ್ಲ. “ಒಂದೊಂದರದೂ ಹೆಸರು ಹೇಳ್ತೀನಿ, ಕಲ್ತಕೋ” ಎಂದ.

“ನಂಗ್ಯಾಕೋ ಅವೆಲ್ಲಾ?”

“ಮುಂದ ನಂಗ ಹೇಳಾಕೂ ಆಗಂಗಿಲ್ಲ. ಆವಾಗ?”

ಅವಳು ಪೆಟ್ಟಿಗೆಯ ಮುಂದೆ ಕುಳಿತಳು. ಅವನು ಹೇಳಿದ, ಅವಳು ಬೆರಳಿಟ್ಟು ತೋರಿಸಿದಳು, ತಪ್ಪಿದಳು, ಮತ್ತೆ ತೋರಿಸಿದಳು.

ಮುಂದಿನ ವಾರ ಮೂಡಲಗಿಯಿಂದ ಅವಳ ಕಾಕಾ ಬಂದಿದ್ದ. ಎಲ್ಲರಂತೆ ಚಹಾ ಬಿಟ್ಟು ಮೊದಲು ಒಳಖೋಲಿಗೆ ನಡೆದು, ಗಾಜಿನ ಮುಂದೆ ಬಗ್ಗಿ, “ಅಬಬಾ! ಇದೇನೋ ತಮ್ಮಾ, ನೀರು ಹೆಂಗ ಸುತ್ತತೈತಿ?” ಎಂದ.

“ಟ್ರ್ಯಾಕ್ಟರ್ ಇದ್ದಂಗ ನೋಡ್ರಿ ಕಾಕಾ” ಎಂದ ಸ್ವಪ್ನಿಲ್.

ಬಾಗಿಲಲ್ಲಿ ಬಶಿ ಹಿಡಿದು ನಿಂತ ಅನ್ನಪೂರ್ಣಾ ಅವನು ಯಾವಾಗಲೂ ಕಡೆಗೆ ಸೇರಿಸುವ ಮಾತಿಗೆ ಕಾದಳು. ಮುದುಕನೂ ಇನ್ನೇನೋ ಹೇಳುತ್ತಾನೆಂದು ಹುಡುಗನ ಕಡೆ ನೋಡಿದ. ಸ್ವಪ್ನಿಲ್ ಸುತ್ತುವ ನೀರನ್ನೇ ನೋಡುತ್ತಿದ್ದ.

“ಚಾ ಆರತೈತ್ರಿ ಕಾಕಾ” ಎಂದಳು ಅವಳು. “ಕುಡೀರಿ.”