ಡಬ್ಬಣ್ಣನಿಲ್ಲದ ಪಾಠ

ಪ್ರಯೋಗಾಲಯದ ಅಟೆಂಡರಿಗೆ ಡಬ್ಬಣ್ಣ ಎಂದು ಹೆಸರಿಟ್ಟವರು ಮಕ್ಕಳೇ. ಗಾಳಿಯ ಒತ್ತಡದ ಪಾಠ ಬಂತೆಂದರೆ ಸಾಕು, ಆತ ಮನೆಯಿಂದ ಎಣ್ಣೆಯ ಖಾಲಿ ತಗಡಿನ ಡಬ್ಬ ಹಿಡಿದು ಬರುತ್ತಿದ್ದ. ತಳದಲ್ಲಿ ಒಂದಿಷ್ಟು ನೀರು ಹಾಕಿ ಕುದಿಸಿ, ಆವಿ ಬುಸುಗುಡುವಾಗ ಕೆಳಗಿಳಿಸಿ ಮುಚ್ಚಳ ಬಿಗಿದು, ಮೇಲೆ ತಣ್ಣೀರು ಸುರಿದರೆ ಡಬ್ಬ ನಜ್ಜುಗುಜ್ಜು. ಇಪ್ಪತ್ತೆರಡು ವರ್ಷ ವಿಜ್ಞಾನದ ಮೇಷ್ಟ್ರು ಮಾತಾಡಿದರು, ಡಬ್ಬಣ್ಣ ಕೈ ಸುಟ್ಟುಕೊಂಡ.

ಬೇಸಿಗೆ ರಜೆಯಲ್ಲಿ ಎದೆನೋವೆಂದು ಮಲಗಿದವನು ಮತ್ತೆ ಏಳಲಿಲ್ಲ. ಮೇಷ್ಟ್ರಿಗೆ ಸುದ್ದಿ ತಿಳಿದದ್ದು ಶಾಲೆ ತೆರೆದ ಮೇಲೆ. ಅವನ ಮನೆಗೆ ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತಲೇ ಎರಡು ತಿಂಗಳು ಕಳೆದವು. ಆಮೇಲೆ ಯಾವ ಮುಖ ಹೊತ್ತು ಹೋಗುವುದು ಎನ್ನಿಸತೊಡಗಿತು.

ಪಾಠದ ದಿನ ಬೆಳಿಗ್ಗೆ ಡಬ್ಬಣ್ಣನ ಹೆಂಡತಿಯೇ ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ತೊಳೆದ ಡಬ್ಬ.

"ಪಕ್ಕದ ಮನೆ ಹುಡುಗಿ ಹೇಳಿದ್ಲು, ಇವತ್ತು ಆ ಪಾಠ ಅಂತ. ಅವ್ರೇ ತೆಗೆದಿಟ್ಟಿದ್ದು ಮೇಷ್ಟ್ರೇ."

ಮೇಷ್ಟ್ರು ಎರಡೂ ಕೈ ಚಾಚಿ ಡಬ್ಬ ತೆಗೆದುಕೊಂಡರು. "ಒಳಗೆ ಬನ್ನಿ ಅಕ್ಕಾ, ನೋಡ್ಕೊಂಡು ಹೋಗಿ" ಎಂದರು.

ಆಕೆ ಹಿಂದಿನ ಬೆಂಚಿನಲ್ಲಿ ಮುದುಡಿ ಕುಳಿತಳು. ನೀರು ಕುದಿಯಿತು. ಡಬ್ಬ ಇಳಿಸಿ ಮುಚ್ಚಳ ಹಾಕಹೋದ ಮೇಷ್ಟ್ರ ಬೆರಳು ಚುರ್ ಎಂದಿತು. ಮುಚ್ಚಳ ಕೈಜಾರಿ ಮೇಜಿನ ಕೆಳಗೆ ಉರುಳಿತು. ಮಕ್ಕಳು ಕಿಸಕ್ಕೆಂದರು. ಇಷ್ಟು ವರ್ಷದಲ್ಲಿ ತಾವು ಒಮ್ಮೆಯೂ ಆ ಮುಚ್ಚಳ ಮುಟ್ಟಿಯೇ ಇರಲಿಲ್ಲವೆಂದು ಮೇಷ್ಟ್ರಿಗೆ ಹೊಳೆದದ್ದು ಆಗಲೇ.

"ಇನ್ನೊಂದ್ಸಲ ಕಾಯಿಸಿ, ನಾನು ಮುಚ್ತೀನಿ" ಎನ್ನುತ್ತ ಆಕೆ ಎದ್ದು ಬಂದಳು. "ಮನೇಲಿ ಹೆಂಗೆ ಅಂತ ತೋರಿಸೋರು. ಒಲೆ ಮೇಲೆ ಇಡೋಕೆ ಮಾತ್ರ ನಾನು ಬಿಡ್ತಿರ್ಲಿಲ್ಲ. ಒಳ್ಳೇ ಡಬ್ಬ ಹಾಳು ಮಾಡ್ಬೇಡಿ ಅಂತ ಬೈತಿದ್ದೆ."

ಮತ್ತೆ ಆವಿ ಬಂತು. ಮೇಷ್ಟ್ರು ಡಬ್ಬ ಇಳಿಸಿದರು. ಆಕೆ ಕೈಗೆ ಬಟ್ಟೆ ಸುತ್ತಿಕೊಂಡು ಮುಚ್ಚಳವನ್ನು ಗಕ್ಕನೆ ತಿರುಗಿಸಿ ಬಿಗಿದಳು. ತಣ್ಣೀರು ಬಿದ್ದದ್ದೇ ತಡ, ಡಬ್ಬ ಢಣಾರೆಂದು ಒಳಕ್ಕೆ ಕುಸಿಯಿತು. ತರಗತಿಯೆಲ್ಲ ಹೋ ಎಂದು ಚಪ್ಪಾಳೆ.

ಆಕೆ ಮಕ್ಕಳನ್ನೇ ನೋಡುತ್ತ ನಿಂತಳು. "ಈ ಪಾಠದ ದಿನ ನಗ್ತಾ ಬರೋರು ಮನೆಗೆ. ಮಕ್ಕಳೆಲ್ಲ ನಂಗೆ ಚಪ್ಪಾಳೆ ಹೊಡೆದ್ರು ಕಣೇ ಅನ್ನೋರು. ಸುಮ್ನೆ ಜಂಬ ಕೊಚ್ಕೋತಾರೆ ಅಂದ್ಕೊಂಡಿದ್ದೆ."

"ಅಕ್ಕಾ, ನಾನು ಮನೆ ಕಡೆ ಬರ್ಬೇಕಿತ್ತು…"

"ಬಿಡಿ ಮೇಷ್ಟ್ರೇ."

ಅಷ್ಟೇ ಅಂದು, ಕಣ್ಣೊರೆಸಿಕೊಂಡು ಮೆಟ್ಟಿಲಿಳಿದು ಹೋದಳು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ನಿಂತರು. ಡಬ್ಬ ಕುಸಿದದ್ದೇಕೆಂದು ಮಕ್ಕಳು ಕೇಳುತ್ತಲೇ ಇದ್ದರು.