ಒಂಬತ್ತನೆಯ ಸಂಪುಟದ ಮೂಲೆಗಳು

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿದು ಅಂಟಿಸುವುದು ನನ್ನ ಕೆಲಸ. ಮೇಲಿನಿಂದ ಯಾರಾದರೂ ಇಳಿದು ಬಂದು, ಈಚೆಗೆ ಏನು ಓದುತ್ತಿದ್ದೀರಿ ಎಂದು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಡ್ರ್ಯಾಗನ್ನುಗಳು, ಕಡಲುಗಳ್ಳರು, ಮಾಟಗಾತಿಯರು. ಚಿತ್ರಗಳಿದ್ದರೆ ಒಳ್ಳೆಯದು, ಒಂದೇ ಸಂಪುಟಕ್ಕೆ ಮುಗಿಯದಿದ್ದರೆ ಇನ್ನೂ ಒಳ್ಳೆಯದು. ತಲೆ ನರೆತ ಮೇಲೆ ಇದೇನು ಹುಚ್ಚು ಎಂಬಂತೆ ಅವರು ನನ್ನ ಮುಖ ನೋಡುತ್ತಾರೆ. ನೋಡಲಿ. ದಿನವಿಡೀ ಗಂಭೀರ ಪುಸ್ತಕಗಳ ಬೆನ್ನು ಸರಿಮಾಡುವವಳಿಗೆ ಸಂಜೆ ಮನೆಗೆ ಹೋದಾಗ ಒಂದು ಡ್ರ್ಯಾಗನ್ ಬೇಕಾಗುತ್ತದೆ.

ಈ ಚಟ ಹತ್ತಿಸಿದವನು ನನ್ನ ಅಣ್ಣ. ಚಿಕ್ಕವರಿದ್ದಾಗ ಒಂದೇ ಪುಸ್ತಕವನ್ನು ನೆಲದ ಮೇಲೆ ಹರಡಿಕೊಂಡು ಇಬ್ಬರೂ ಬೋರಲು ಮಲಗಿ ಓದುತ್ತಿದ್ದೆವು. ಅವನ ಕಣ್ಣು ಚುರುಕು, ನನ್ನದು ನಿಧಾನ. ಅವನದು ಮುಗಿದ ಮೇಲೆ ಪುಟದ ಕೆಳಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಬತ್ತಿ ಹೊಸೆದಂತೆ ಹೊಸೆಯುತ್ತ, "ಮುಗೀತಾ? ಮುಗೀತಾ?" ಎಂದು ಪ್ರಾಣ ತಿನ್ನುತ್ತಿದ್ದ. ಪುಸ್ತಕ ಹಾಳಾಗುತ್ತದೆಂದು ನಾನು ಅವನ ಕೈಗೆ ಹೊಡೆಯುತ್ತಿದ್ದೆ. ಆಗಿನಿಂದಲೇ ನನಗೆ ಪುಸ್ತಕದ ಮೈ ಮೇಲೆ ಕಾಳಜಿ.

ಆ ಅಣ್ಣನೇ ಮುಂದೆ ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ಬೇರೊಬ್ಬಳ ಜೊತೆ ಹೋದ. ಅತ್ತಿಗೆ ಎರಡು ಚೀಲ ಹಿಡಿದು ನನ್ನ ಬಾಗಿಲಿಗೆ ಬಂದಳು. ಒಳಗೆ ಕರೆದುಕೊಂಡೆ. ಕೆಲವು ತಿಂಗಳ ಮೇಲೆ ಅಣ್ಣನೂ ಅದೇ ಬಾಗಿಲು ತಟ್ಟಿದ. ನಾನು ತೆರೆಯಲಿಲ್ಲ. ಅವನು ಮೆಟ್ಟಿಲ ಮೇಲೆ ತುಂಬಾ ಹೊತ್ತು ಕೂತಿದ್ದು ಗೊತ್ತಾಗುತ್ತಿತ್ತು, ಎದ್ದು ಹೋದದ್ದೂ ಕೇಳಿಸಿತು. ಒಡಹುಟ್ಟಿದವನನ್ನು ಹಾಗೆ ಕಳಿಸುವುದು ಸುಲಭವಾಗಿರಲಿಲ್ಲ. ಆದರೂ ಅತ್ತಿಗೆಯ ಪಕ್ಷ ಹಿಡಿದ ಮೇಲೆ ಹಿಡಿದಂತೆ.

ಅವಳಿಗೆ ಓದಿನ ರುಚಿ ಹತ್ತಿಸಿದ್ದು ನಾನು. ಔಷಧಿ ಅಂಗಡಿಯಲ್ಲಿ ಅವಳಿಗೆ ಸಂಜೆ ಪಾಳಿ, ನನಗೆ ಬೆಳಗಿನ ಕೆಲಸ. ಒಂದು ಪುಸ್ತಕಕ್ಕೆ ಇಬ್ಬರು ಜಗಳವಾಡುವುದು ಬೇಡವೆಂದು ನಾನೊಂದು ಉಪಾಯ ಮಾಡಿದೆ. ಹೊಸ ಸಂಪುಟ ಬಂದ ಕೂಡಲೇ ರಟ್ಟು ಬಿಚ್ಚಿ ಅದನ್ನು ನಾಲ್ಕು ಭಾಗ ಮಾಡುವುದು. ನಾನು ಒಂದು ಭಾಗ ಮುಗಿಸಿ ಊಟದ ಮೇಜಿನ ಮೇಲಿಟ್ಟರೆ ಅವಳು ಅದನ್ನು ಎತ್ತಿಕೊಳ್ಳುವುದು. ಮುಂದಿನ ಕತೆಯ ಬಗ್ಗೆ ನಾನು ಬಾಯಿ ಬಿಡುವಂತಿಲ್ಲ. ಇಬ್ಬರದೂ ಮುಗಿದ ಮೇಲೆ ನಾನು ಮತ್ತೆ ಹೊಲಿದು, ಅಂಚು ಸವರಿ, ಹೊಸ ರಟ್ಟು ಹಾಕುತ್ತಿದ್ದೆ. "ಗೋಂದಮ್ಮ, ನೀನು ಮನುಷ್ಯರನ್ನೂ ಹೀಗೇ ಅಂಟಿಸೋ ಹಾಗಿದ್ರೆ," ಎಂದು ಅವಳು ನಗುತ್ತಿದ್ದಳು. ಗೋಂದಮ್ಮ ಎಂದರೆ ನಾನೇ.

ಎಷ್ಟೋ ಸರಣಿಗಳನ್ನು ಹೀಗೆ ಮುಗಿಸಿದೆವು. ಆದರೆ ಇಬ್ಬರಿಗೂ ಜೀವವಾಗಿದ್ದದ್ದು ಮಂಜಿನ ಕಡಲಿನ ಚಿತ್ರಕಾದಂಬರಿ. ಅದರಲ್ಲಿ ಒಬ್ಬ ಕಪ್ತಾನಿ, ಅವಳ ಹಡಗು. ಹಡಗಿನಲ್ಲೇ ಇದ್ದುಕೊಂಡು ಯಾರೋ ಅವಳ ದಾರಿಯನ್ನು ಶತ್ರುಗಳಿಗೆ ತಿಳಿಸುತ್ತಿದ್ದಾರೆ. ಯಾರು ಎನ್ನುವುದೇ ಎಂಟು ಸಂಪುಟಗಳ ಪ್ರಶ್ನೆ. ಅಡುಗೆಯವನೇ ಎಂದು ನಾನು. ನಕ್ಷೆ ಬರೆಯುವವಳು ಎಂದು ಅತ್ತಿಗೆ. ಪಾತ್ರೆ ತೊಳೆಯುತ್ತ, ಬಟ್ಟೆ ಮಡಿಸುತ್ತ ಇದೇ ವಾದ. "ಅಷ್ಟು ರುಚಿಯಾಗಿ ಅಡುಗೆ ಮಾಡೋನು ಮೋಸ ಮಾಡ್ತಾನಾ?" ಎನ್ನುತ್ತಿದ್ದಳು. ಉತ್ತರ ಒಂಬತ್ತನೆಯ, ಕೊನೆಯ ಸಂಪುಟದಲ್ಲಿತ್ತು.

ಅದು ಕೈಗೆ ಬಂದ ದಿನ ಅತ್ತಿಗೆ, "ಈ ಸಲ ನಾನು ಮೊದಲು ಓದ್ಲಾ? ನಾಲ್ಕೂ ಭಾಗ ಒಟ್ಟಿಗೆ ಕೊಟ್ಬಿಡು," ಎಂದಳು. ಯಾವತ್ತೂ ಏನನ್ನೂ ಕೇಳದವಳು. ಕೊಟ್ಟುಬಿಟ್ಟೆ. ವಾರಗಳು ಕಳೆದವು. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ಅವಳು ತಡವಾಗಿ ಬರುತ್ತಿದ್ದಳು. ನಾನು ತುಟಿ ಎರಡು ಮಾಡದೆ ಕಾದೆ. ಕೊನೆಗೊಂದು ಬೆಳಿಗ್ಗೆ ನಾಲ್ಕೂ ಭಾಗಗಳನ್ನು ಔಷಧಿ ಅಂಗಡಿಯ ಕಂದು ಕಾಗದದಲ್ಲಿ ಅಚ್ಚುಕಟ್ಟಾಗಿ ಸುತ್ತಿ ನನ್ನ ಕೈಗಿಟ್ಟಳು.

ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕೆ ಸರಿಸಿ, ಕೈ ಒರೆಸಿಕೊಂಡು, ಪೊಟ್ಟಣ ಬಿಚ್ಚಿದೆ. ಮೊದಲ ಪುಟದ ಕೆಳಮೂಲೆ ಸುರುಳಿಯಾಗಿತ್ತು. ಎರಡನೆಯದೂ. ನಾಲ್ಕೂ ಭಾಗಗಳನ್ನು ತಿರುವಿ ನೋಡಿದೆ. ಒಂದೊಂದು ಮೂಲೆಯೂ ಬತ್ತಿಯಂತೆ ಬಿಗಿಯಾಗಿ ಹೊಸೆದಿತ್ತು.

ಮದುವೆಯಾದ ಮೇಲೆ ಅಣ್ಣ ಪುಸ್ತಕ ಮುಟ್ಟಿದವನಲ್ಲ. ಅವನ ಈ ಅಭ್ಯಾಸ ಅತ್ತಿಗೆಗೆ ಗೊತ್ತಿರಲಿಕ್ಕಿಲ್ಲ, ಮೂಲೆ ಮುದುಡುವುದು ಯಾರ ಕೈಯಲ್ಲೂ ಆಗುವಂಥದ್ದು ಎಂದುಕೊಂಡಿರಬೇಕು. ಆದರೆ ನನಗೆ ಅದು ಅವನ ಕೈಬರಹದಷ್ಟೇ ಗುರುತು. ಇನ್ನೂ ಒಂದು ವಿಷಯ ಗೊತ್ತಿತ್ತು. ಒಬ್ಬನೇ ಓದುವಾಗ ಅವನು ಮೂಲೆ ಹೊಸೆಯುವುದಿಲ್ಲ. ಪಕ್ಕದಲ್ಲಿ ಕೂತವರು ಓದಿ ಮುಗಿಸಲಿ ಎಂದು ಕಾಯುವಾಗ ಮಾತ್ರ.

ಒಂದಕ್ಷರವನ್ನೂ ಓದದೆ ಪೊಟ್ಟಣ ಕಟ್ಟಿದೆ. ಆ ಸಂಜೆ ಅವಳಿಗೆ ರಜೆ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು.

"ಅಣ್ಣ ಚೆನ್ನಾಗಿದ್ದಾನಾ?" ಎಂದೆ.

ಚಾಕು ನಿಂತಿತು. ಯಾರು ಹೇಳಿದರು ಎಂದು ಅವಳು ಕೇಳಲಿಲ್ಲ. ಅಷ್ಟರ ಮಟ್ಟಿಗೆ ಮರ್ಯಾದೆ ಉಳಿಸಿದಳು.

"ಅವಳನ್ನ ಬಿಟ್ಟು ತುಂಬಾ ದಿನ ಆಯ್ತಂತೆ. ಅಂಗಡಿಗೆ ಮಾತ್ರೆ ತಗೊಳ್ಳೋಕೆ ಬಂದಿದ್ದ," ಎಂದಳು. "ಹಾಗೇ ಮಾತಾಡ್ತಾ ಮಾತಾಡ್ತಾ... ನಾನು ವಾಪಸ್ ಹೋಗ್ತಿದೀನಿ ಕಣೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಾಗಿಲು ಹಾಕ್ಬಿಡ್ತೀಯ ಅನ್ನೋ ಭಯ."

"ಅವತ್ತು ಹಾಕಿದ್ದು ಯಾರಿಗೋಸ್ಕರ?"

ಅವಳು ಮತ್ತೆ ಹೆಚ್ಚತೊಡಗಿದಳು. ಕಣ್ಣೊರೆಸಿಕೊಂಡದ್ದು ಈರುಳ್ಳಿಗೋ ನನಗೋ, ವಿಚಾರಿಸುವ ಮನಸ್ಸಾಗಲಿಲ್ಲ.

ಗಂಡನ ಹತ್ತಿರ ಹೆಂಡತಿ ಹೋದರೆ ನನ್ನ ಗಂಟೇನು ಹೋಯಿತು? ಹೋಗಲಿ, ಸುಖವಾಗಿರಲಿ. ಆದರೆ ಇವಳಿಗಾಗಿ ನಾನು ಅಣ್ಣನನ್ನು ಕಳೆದುಕೊಂಡೆ. ಇವಳಿಗೆ ಅವನು ಸಿಕ್ಕಿದ. ಸಿಕ್ಕಿದವನನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು, ದಿನವೂ ನನ್ನ ಎದುರು ಕೂತು ಉಂಡಳು. ನನ್ನ ಪುಸ್ತಕವನ್ನು, ನನ್ನ ಸರದಿಯನ್ನು ಅವನಿಗೆ ಕೊಟ್ಟಳು. ಅವನೂ ನನ್ನ ಮೆಟ್ಟಿಲು ಹತ್ತದೆ, ನಾನು ಕಾಯುತ್ತಿದ್ದ ಪುಸ್ತಕವನ್ನು ನನಗಿಂತ ಮೊದಲು ಓದಿದ. ಇಬ್ಬರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದರು.

ಮರುದಿನ ಕೆಲಸಕ್ಕೆ ಹೋದವಳೇ ನಾಲ್ಕೂ ಭಾಗಗಳನ್ನು ಹೊಲಿದೆ. ಅಂಟು ಹಾಕಿ, ಒಣಗಿಸಿ, ಅಂಚು ಕತ್ತರಿಸುವ ಯಂತ್ರಕ್ಕೆ ಕೊಟ್ಟೆ. ಸಾಮಾನ್ಯವಾಗಿ ಉಗುರಿನ ತುದಿಯಷ್ಟು ಸವರಿದರೆ ಸಾಕು. ಆದರೆ ಆ ಸುರುಳಿಗಳಲ್ಲಿ ಒಂದೂ ಉಳಿಯಬಾರದಿತ್ತು. ಹೆಬ್ಬೆರಳಗಲ ಅಳತೆ ಇಟ್ಟು ಹಿಡಿ ಎಳೆದೆ. ಅಣ್ಣನ ಬೆರಳಾಡಿದ ಮೂಲೆಗಳೆಲ್ಲ ಯಂತ್ರದ ಕೆಳಗಿಟ್ಟ ಗೋಣಿಚೀಲಕ್ಕೆ ಉದುರಿದವು. ಆಗ ಸ್ವಲ್ಪ ಉಸಿರಾಡಿದೆ.

ಮನೆಗೆ ತಂದು ಓದತೊಡಗಿದೆ. ಅತ್ತಿಗೆ ಒಳಗೆ ಸಾಮಾನು ಕಟ್ಟುತ್ತಿದ್ದಳು. ಎರಡು ಸಂಜೆ ಹಿಡಿಯಿತು. ಅಲ್ಲಲ್ಲಿ ಕಾಲು ಕತ್ತರಿಸಿಹೋದ ಮನುಷ್ಯರು, ತುದಿ ಇಲ್ಲದ ಮಾತುಗಳು. ಪರವಾಗಿಲ್ಲ, ಕತೆ ಸಾಗುತ್ತಿತ್ತು. ಅಡುಗೆಯವನೂ ಅಲ್ಲ, ನಕ್ಷೆಯವಳೂ ಅಲ್ಲ ಎಂದಾಯಿತು. ಹಾಗಾದರೆ ಯಾರು? ಕೊನೆಯ ಪುಟ ತಿರುಗಿಸಿದೆ. ಮಾತಿಲ್ಲದ ಒಂದೇ ದೊಡ್ಡ ಚಿತ್ರ. ಹಡಗಿನ ಮೇಲೆ ಕಪ್ತಾನಿ ಒಬ್ಬಳೇ ನಿಂತು ಕೆಳಗೆ ನೋಡುತ್ತಿದ್ದಾಳೆ. ಅವಳಿಗೆ ಮೋಸ ಮಾಡಿದವರು ಚಿಕ್ಕ ದೋಣಿಯಲ್ಲಿ ದೂರ ಹೋಗುತ್ತಿದ್ದಾರೆ. ದೋಣಿಯನ್ನು ಪುಟದ ಕೆಳಮೂಲೆಯಲ್ಲಿ ಬರೆದಿದ್ದರು. ಹುಟ್ಟು ಹಿಡಿದ ಒಂದು ಕೈ ಮಾತ್ರ ಉಳಿದಿತ್ತು. ಮುಖವನ್ನು ನಾನೇ ಕತ್ತರಿಸಿ ಹಾಕಿದ್ದೆ.

ಮರುದಿನ ಓಡಿಹೋಗಿ ಯಂತ್ರದ ಕೆಳಗೆ ಬಗ್ಗಿ ನೋಡಿದೆ. ಗೋಣಿ ಆಗಲೇ ರದ್ದಿಗೆ ಹೋಗಿತ್ತು.

ಅತ್ತಿಗೆ ಹೊರಟ ದಿನ ಬಾಗಿಲ ಬಳಿ ನಿಂತು, "ಓದಿದ್ಯಾ?" ಎಂದಳು.

"ಓದಿದೆ."

"ಕೊನೇ ಪುಟ?"

"ನೋಡಿದೆ."

"ನಾನಂತೂ ಅತ್ತುಬಿಟ್ಟೆ. ಅವರು ಅಂತ ಒಂದ್ಸಲಾನೂ ಅಂದ್ಕೊಂಡಿರಲಿಲ್ಲ. ನಿಂಗೆ ಹೇಗನ್ನಿಸ್ತು?"

ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಹಳೆಯ ಆಸೆ ಕಾಣಿಸಿತ್ತು, ಪಾತ್ರೆ ತೊಳೆಯುತ್ತ ವಾದ ಮಾಡುವಾಗಿನದು. ಗೊತ್ತಿಲ್ಲ ಕಣೆ, ಹೇಳು ಎಂದಿದ್ದರೆ ಚೀಲ ಕೆಳಗಿಟ್ಟು ಕೂತು ಹೇಳುತ್ತಿದ್ದಳು.

"ನಂಗೆ ಮೊದಲೇ ಅನುಮಾನ ಇತ್ತು," ಎಂದೆ.

ಅವಳು ತಲೆಯಾಡಿಸಿ ಮೆಟ್ಟಿಲಿಳಿದಳು. ಕಿಟಕಿಯಿಂದ ನೋಡಿದೆ. ಎದುರಿನ ದೀಪದ ಕಂಬಕ್ಕೆ ಒರಗಿ ಅಣ್ಣ ನಿಂತಿದ್ದ. ತುಂಬಾ ಸೊರಗಿದ್ದ. ಬಸ್ ಟಿಕೆಟ್ಟೋ ಏನೋ, ಒಂದು ಚೂರು ಕಾಗದ ಅವನ ಬೆರಳುಗಳ ನಡುವೆ ಸುತ್ತುತ್ತಿತ್ತು. ಅವಳ ಕೈಯಿಂದ ಚೀಲ ತೆಗೆದುಕೊಂಡು, ತಲೆಯೆತ್ತಿ ನನ್ನ ಕಿಟಕಿಯತ್ತ ನೋಡಿದ. ನಾನು ಪರದೆ ಎಳೆದೆ. ಸ್ವಲ್ಪ ಹೊತ್ತಿನ ಮೇಲೆ ಸರಿಸಿ ನೋಡಿದಾಗ ಬೀದಿ ಖಾಲಿಯಾಗಿತ್ತು.

ಒಂಬತ್ತೂ ಸಂಪುಟಗಳು ಕಪಾಟಿನಲ್ಲಿವೆ, ಕೊನೆಯದು ಉಳಿದವಕ್ಕಿಂತ ಗಿಡ್ಡ. ಇನ್ನೊಂದು ಪ್ರತಿ ಹುಡುಕಿದರೆ ಸಿಕ್ಕೀತು. ಹುಡುಕುವುದಿಲ್ಲ. ದೋಣಿಯಲ್ಲಿ ಹೋದದ್ದು ಯಾರೆಂದು ಅವರಿಬ್ಬರಿಗೂ ಗೊತ್ತು. ನನಗೆ ಗೊತ್ತಿಲ್ಲ.