ಜರಡಿಯಲ್ಲಿ ಒಂದು ತಂತಿ ಕಡಿಮೆ

ಮಾವನ ಕರುಳಿನಲ್ಲಿ ಒಂದು ಗೇಣು ತೆಗೆದು, ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿದು ಐದು ವಾರವಾಗಿತ್ತು. ಹೊಲಿದ ಜಾಗ ಇನ್ನೂ ಊದಿಕೊಂಡಿದೆ, ದಾರಿ ಕಿರುಬೆರಳಿನಷ್ಟೂ ಇಲ್ಲ ಎಂದು ಸರ್ಜನ್ ಕಾಗದದ ಮೇಲೆ ಗೀಚಿ ತೋರಿಸಿದ್ದರು. ಸಿಪ್ಪೆ, ಬೀಜ, ನಾರು ಯಾವುದೂ ಹೋಗಬಾರದು. ಒಂದು ಟೊಮೆಟೊ ಸಿಪ್ಪೆ ಸಾಕು, ಅಡ್ಡ ಕೂರುತ್ತದೆ. ಅಡ್ಡ ಕೂತರೆ ಮತ್ತೆ ಕೊಯ್ಯಬೇಕು. ಮತ್ತೆ ಕೊಯ್ದರೆ ಅವರ ಹೃದಯ ತಡೆಯುವುದಿಲ್ಲ.

ತರಕಾರಿಯ ಕೆಲಸ ನನ್ನ ಪಾಲಿಗೆ ಬಂತು. ಅತ್ತೆಗೆ ಕೈ ನಡುಗುತ್ತದೆ. ನನಗೆ ಬೇರೆ ಕೆಲಸವೂ ಇರಲಿಲ್ಲ. ನನ್ನ ಗಂಡ ಹೋಗಿ ಒಂಬತ್ತು ತಿಂಗಳಾಗಿತ್ತು. ಬೆಳಿಗ್ಗೆ ಏಳುವುದಕ್ಕೆ ಒಂದು ಕಾರಣ ಬೇಕಿತ್ತು, ಅದು ಕುಂಬಳಕಾಯಿಯಾಗಿದ್ದರೂ ಆದೀತು.

ಸಿಪ್ಪೆ ದಪ್ಪಗೆ ತೆಗೆಯುತ್ತಿದ್ದೆ. ಬೀಜದ ಸುತ್ತಲಿನ ಎಳೆಗಳನ್ನು ಚಮಚದಿಂದ ಕೆರೆದು ಹಾಕುತ್ತಿದ್ದೆ. ಕ್ಯಾರೆಟ್ಟನ್ನು ಉದ್ದಕ್ಕೆ ಸೀಳಿ ಒಳಗಿನ ಬಿಳಿಚು ದಿಂಡನ್ನು ಬಿಸಾಡುತ್ತಿದ್ದೆ. ಮುಟ್ಟಿದರೆ ಕುಸಿಯುವಷ್ಟು ಬೇಯಿಸಿ, ಮೊದಲು ದೊಡ್ಡ ಜರಡಿ, ಆಮೇಲೆ ಸಣ್ಣ ಜರಡಿ. ಸಣ್ಣದರಲ್ಲಿ ಚಮಚದಿಂದ ಒತ್ತಿದರೆ ಇಳಿಯುತ್ತಿರಲಿಲ್ಲ, ಸ್ಟೀಲ್ ಲೋಟದ ತಳದಿಂದ ಒತ್ತುತ್ತಿದ್ದೆ. ಸರ್ಜನ್ ಒಂದು ಸಲ ಸೋಸಿದರೆ ಸಾಕು ಎಂದಿದ್ದರು. ನಾನು ಮೂರು ಸಲ ಸೋಸುತ್ತಿದ್ದೆ.

ಆ ದಿನ ನಾದಿನಿ ಬಂದಿದ್ದಳು. ಬಸ್ಸಿನಲ್ಲಿ ಎರಡು ಗಂಟೆಯ ದಾರಿ, ವಾರಕ್ಕೊಮ್ಮೆ ಬರುತ್ತಾಳೆ. ಮಾವನ ಮುಂದಿನ ಬಟ್ಟಲನ್ನು ಬಗ್ಗಿ ನೋಡಿದಳು.

"ಅತ್ತಿಗೆ, ಇದು ಊಟಾನಾ, ಗೋಡೆಗೆ ಹೊಡೆಯೋ ಬಣ್ಣಾನಾ?"

"ಸುಮ್ನಿರೇ," ಎಂದರು ಮಾವ. "ನಾನು ಎರಡನೇ ಕೋಟ್ ಹೊಡೀತಾ ಇದೀನಿ."

ಅತ್ತೆ ನಕ್ಕರು. ಮಾವ ಹನ್ನೊಂದು ಚಮಚ ತಿಂದರು. ಶಸ್ತ್ರಚಿಕಿತ್ಸೆಯ ಮೇಲೆ ಅಷ್ಟು ತಿಂದದ್ದು ಅದೇ ಮೊದಲು. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಸಣ್ಣ ಜರಡಿಯನ್ನು ನಲ್ಲಿಯ ಕೆಳಗೆ ತೊಳೆದು ನೀರು ಕೊಡವಿದೆ. ಕಿಟಕಿಯ ಬೆಳಕು ಅದರ ಮೂಲಕ ಬಂತು. ಅಂಚಿನ ಹತ್ತಿರ ಒಂದು ಕಡೆ ಬೆಳಕು ಹೆಚ್ಚಾಗಿತ್ತು. ಅಲ್ಲಿ ಒಂದು ತಂತಿ ಇರಲಿಲ್ಲ. ಉಗುರಿನಷ್ಟು ಉದ್ದ.

ನಿನ್ನೆ ಇತ್ತೇ? ನೆನಪಿಲ್ಲ. ದಿನಾ ತೊಳೆಯುತ್ತೇನೆ, ದಿನಾ ನೋಡುತ್ತೇನೆಂದು ಹೇಳಲಾರೆ.

ಜರಡಿಯಲ್ಲಿ ಉಳಿದ ಚರಟವನ್ನು ತಟ್ಟೆಗೆ ಹಾಕಿಕೊಂಡು ಬೆರಳಿನಿಂದ ಹಿಸುಕುತ್ತ ಹೋದೆ. ನಾರು. ಬರೀ ನಾರು. ಸಿಂಕಿನ ಬಾಯಿಯ ಜಾಲರಿ ಬಿಚ್ಚಿದೆ. ಕಸದ ಬುಟ್ಟಿಯನ್ನು ಹಳೇ ಪೇಪರಿನ ಮೇಲೆ ಬೋರಲು ಹಾಕಿದೆ. ಮಾವ ದರ್ಜಿ, ಕೆಳಗೆ ಬಿದ್ದ ಸೂಜಿ ಹೆಕ್ಕಲು ಇಟ್ಟಿದ್ದ ಅಯಸ್ಕಾಂತ ಹೊಲಿಗೆ ಯಂತ್ರದ ಡ್ರಾಯರಿನಲ್ಲಿತ್ತು. ತಂದು ಮೊದಲು ಜರಡಿಗೇ ಹಿಡಿದು ನೋಡಿದೆ. ಅಂಟಲಿಲ್ಲ. ಆ ಜಾತಿಯ ಸ್ಟೀಲಿಗೆ ಅಂಟುವುದೇ ಇಲ್ಲ. ಅಯಸ್ಕಾಂತದಿಂದ ಪ್ರಯೋಜನವಿರಲಿಲ್ಲ.

ಉಳಿದದ್ದು ಒಂದೇ ಜಾಗ.

ಹೊರಗೆ ಮಾವ ಏನೋ ಹೇಳುತ್ತಿದ್ದರು, ನಾದಿನಿ ಗೊಳ್ಳೆಂದು ನಗುತ್ತಿದ್ದಳು. ನೋವು ಎಂದಿಲ್ಲವಲ್ಲ, ಸಂಜೆವರೆಗೆ ನೋಡೋಣ ಅನ್ನಿಸಿತು. ಆ ಮಾತು ನನಗೆ ಗೊತ್ತಿತ್ತು. ನನ್ನ ಗಂಡ ಎದೆ ಹಿಡಿದುಕೊಂಡು ಕೂತ ದಿನ ನಾವಿಬ್ಬರೂ ಅದೇ ಮಾತು ಆಡಿಕೊಂಡಿದ್ದೆವು.

ಅತ್ತೆ ಒಳಗೆ ಬಂದು ಬಿಸಿನೀರು ಬಗ್ಗಿಸಿಕೊಂಡರು.

"ಹೊಟ್ಟೆ ತುಂಬಿತಂತೆ. ಒಂದು ಲೋಟ ಬಿಸಿನೀರು ಕೇಳ್ತಿದಾರೆ. ಕಸ ಯಾಕೆ ಹೀಗೆ ಹರಡಿದ್ದೀಯಾ?"

ನಾನು ಲೋಟದ ಮೇಲೆ ಅಂಗೈ ಇಟ್ಟೆ. "ಕೊಡಬೇಡಿ ಅತ್ತೆ. ಈಗ ಅವರಿಗೆ ಏನೂ ಕೊಡಬೇಡಿ."

ಜರಡಿ ತೋರಿಸಿದೆ. ಅವರು ಕನ್ನಡಕ ಮೇಲಕ್ಕೆ ಸರಿಸಿ, ಆ ತೂತಿನ ಮೇಲೆ ಬೆರಳಾಡಿಸಿದರು.

"ಹುಡುಕಿದೆಯಾ?"

"ಎಲ್ಲಾ ಕಡೆ."

"ಕಾರಿಗೆ ಫೋನ್ ಮಾಡು," ಎಂದರು.

ಕಾರಿನಲ್ಲಿ ಮಾವ ನಡುವೆ ಕೂತಿದ್ದರು. ಅವರಿಗೂ ಹೇಳಿದ್ದೆವು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ರಸ್ತೆಯ ಪ್ರತಿ ಹಳ್ಳಕ್ಕೂ ಉಸಿರು ಹಿಡಿಯುತ್ತಿದ್ದರು.

"ನೋವಿದೆಯಾ ಅಪ್ಪಾ?" ನಾದಿನಿ ಕೇಳಿದಳು.

"ಇಲ್ಲ. ಆಗಿಂದ ಹತ್ತು ಸಲ ಕೇಳಿದೆ. ನೀನು ಕೇಳಿ ಕೇಳಿಯೇ ಬರಿಸ್ತೀಯಾ."

ಯಾರೂ ನಗಲಿಲ್ಲ.

ಎಕ್ಸ್‌ರೇ ಕೋಣೆಯ ಹೊರಗೆ ಬೆಂಚಿತ್ತು. ಮೊದಲನೇ ಫಿಲ್ಮಿನಲ್ಲಿ ಏನೂ ಕಾಣುತ್ತಿಲ್ಲ, ಮಗ್ಗುಲಾಗಿ ಮಲಗಿಸಿ ಇನ್ನೊಂದು ತೆಗೆಯುತ್ತೇವೆ ಎಂದು ನರ್ಸ್ ಹೇಳಿ ಹೋದಳು. ನಾದಿನಿ ಆ ತುದಿಯಿಂದ ಈ ತುದಿಗೆ ನಡೆದಾಡುತ್ತಿದ್ದವಳು ನನ್ನ ಎದುರಿಗೆ ನಿಂತಳು.

"ಮಾಡೋದೆಲ್ಲಾ ಮಾಡಿ ಕಲ್ಲಿನ ಹಾಗೆ ಕೂತಿದ್ದೀರಲ್ಲ ಅತ್ತಿಗೆ. ಅಳೋಕಾದ್ರೂ ಬರುತ್ತಾ ನಿಮಗೆ? ಅಣ್ಣ ಹೋದಾಗಲೂ ಹೀಗೇ ಕೂತಿದ್ರಿ."

ನನ್ನ ಉಗುರಿನ ಸಂದಿಯಲ್ಲಿ ಕುಂಬಳಕಾಯಿಯ ಹಳದಿ ಇತ್ತು.

"ಬಾಯ್ಮುಚ್ಚು," ಎಂದರು ಅತ್ತೆ. ದನಿ ಏರಲಿಲ್ಲ. "ಅವಳು ಆ ಜರಡೀನ ಸಾಮಾನಿನ ಹಿಂದೆ ತಳ್ಳಿ ಸುಮ್ಮನಾಗಿದ್ದಿದ್ರೆ ನಿನಗೆ ಗೊತ್ತಾಗ್ತಿತ್ತಾ? ನನಗೆ ಗೊತ್ತಾಗ್ತಿತ್ತಾ?"

ನಾದಿನಿ ಬೆಂಚಿನ ಆ ಕೊನೆಯಲ್ಲಿ ಕೂತಳು. ಅವಳ ಮೊಣಕಾಲು ಕುಣಿಯುತ್ತಿತ್ತು, ಬೆಂಚು ಪೂರ್ತಿ ಅಲುಗುತ್ತಿತ್ತು.

ಎರಡನೇ ಫಿಲ್ಮನ್ನು ಡಾಕ್ಟರ್ ನಮಗೇ ತೋರಿಸಿದರು. ಬೂದು ಬಣ್ಣದ ನಡುವೆ ಬಿಳೀ ಕೂದಲಿನಂಥ ಗೆರೆ, ಒಂದು ತುದಿ ಸ್ವಲ್ಪ ಬಾಗಿತ್ತು.

"ಇನ್ನೂ ಜಠರದಲ್ಲೇ ಇದೆ. ತಿಂದು ಎಷ್ಟು ಹೊತ್ತಾಯ್ತು?"

"ಒಂದು ಗಂಟೆ ಐವತ್ತು ನಿಮಿಷ," ಎಂದೆ.

"ಕೆಳಗೆ ಇಳಿದ್ರೆ ನಮ್ಮ ಕೈಗೆ ಸಿಗಲ್ಲ. ಈಗಲೇ ಟ್ಯೂಬ್ ಹಾಕಿ ತೆಗೀಬೇಕು. ಹೊಟ್ಟೆ ತುಂಬಿರೋದ್ರಿಂದ ನಿದ್ದೆ ಇಂಜೆಕ್ಷನ್ ಕೊಡೋಕಾಗಲ್ಲ. ಗಂಟಲು ಮರಗಟ್ಟೋಕೆ ಸ್ಪ್ರೇ ಅಷ್ಟೇ. ಅವರು ತಡ್ಕೋಬೇಕು." ನನ್ನ ಕಡೆ ತಿರುಗಿದರು. "ಜರಡಿ ಅಷ್ಟು ಸುಲಭಕ್ಕೆ ಕಿತ್ತು ಬರಲ್ಲವಲ್ಲ. ಹೇಗೆ ಸೋಸ್ತಿದ್ರಿ?"

ಹೇಳಿದೆ. ಲೋಟದ ತಳ, ಮೂರು ಸಲ, ದಿನಕ್ಕೆ ಎರಡು ಹೊತ್ತು, ಐದು ವಾರ.

ಅವರು ಫಿಲ್ಮ್ ತೆಗೆದುಕೊಂಡು ಹೋದರು.

ಬಾಗಿಲ ಹಿಂದೆ ಮಾವ ಓಕರಿಸುವ ಸದ್ದು ಕೇಳುತ್ತಿತ್ತು. ನುಂಗಿ, ನುಂಗಿ, ಉಸಿರಾಡಿ ಎಂದು ಯಾರೋ ಹೇಳುತ್ತಿದ್ದರು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಹತ್ತು ನಿಮಿಷ. ಹದಿನೈದು. ಒಮ್ಮೆ ನರ್ಸ್ ಹೊರಗೆ ಬಂದಳು, ಮೂವರೂ ಎದ್ದೆವು. ಅವಳು ನಮ್ಮ ಮುಖ ನೋಡದೆ ಒಂದು ಬಕೆಟ್ ತೆಗೆದುಕೊಂಡು ಒಳಗೆ ಹೋದಳು. ಗಂಜಿಯಂಥ ಹಳದಿಯಲ್ಲಿ ಒಂದು ತಂತಿ ಹುಡುಕುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು. ನಾನು ಆಗ ತಾನೇ ಹುಡುಕಿ ಬಂದಿದ್ದೆ.

ಇಪ್ಪತ್ತಾರನೇ ನಿಮಿಷಕ್ಕೆ ಸದ್ದು ನಿಂತಿತು. ಪೂರ್ತಿ ನಿಂತಿತು. ನಾದಿನಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಹಿಡಿದದ್ದು ಅವಳಿಗೆ ತಿಳಿಯಿತೋ ಇಲ್ಲವೋ.

ಡಾಕ್ಟರ್ ಒಂದು ಸಣ್ಣ ಶೀಶೆ ಹಿಡಿದು ಬಂದರು. ಅದರಲ್ಲಿತ್ತು.

ಮಾರನೇ ದಿನ ಮಧ್ಯಾಹ್ನ ಮಾವನನ್ನು ಮನೆಗೆ ಕರೆತಂದೆವು. ಗಂಟಲು ಕೆರೆದು ಹೋಗಿತ್ತು, ಮಾತು ಪಿಸುದನಿಯಲ್ಲಿ ಬರುತ್ತಿತ್ತು. ನಲವತ್ತಾರು ಕಿಲೋ ಇದ್ದಾರೆ, ಇನ್ನು ಇಳಿಯಬಾರದು, ತಿನ್ನದಿದ್ದರೆ ಹೊಲಿದ ಜಾಗ ಕೂಡಿಕೊಳ್ಳುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ನಾನು ಆಲೂಗಡ್ಡೆ, ಕ್ಯಾರೆಟ್ ಬೇಯಿಸಿ ತೆಳು ಹತ್ತಿ ಬಟ್ಟೆಯಲ್ಲಿ ಹಿಂಡಿದೆ. ನಾದಿನಿ ಪಕ್ಕದಲ್ಲಿ ನಿಂತು ಬಟ್ಟೆಯ ಇನ್ನೊಂದು ತುದಿ ಹಿಡಿದಿದ್ದಳು. ರಜೆ ಹಾಕಿದ್ದಳು.

ಬಟ್ಟಲು ನೋಡಿದ ಕೂಡಲೇ ಮಾವ ತುಟಿ ಬಿಗಿದರು.

"ಹಸಿವಿಲ್ಲ."

"ನಿನ್ನೆ ಮಧ್ಯಾಹ್ನದಿಂದ ಬರೀ ಗ್ಲೂಕೋಸಿನ ಮೇಲೆ ಇದ್ದೀರಿ," ಎಂದರು ಅತ್ತೆ.

"ಹಸಿವಿಲ್ಲ ಅಂದ್ನಲ್ಲ. ಆಮೇಲೆ ನೋಡೋಣ."

ಚಮಚ ತುಟಿಗೆ ತಾಗಿಸಿದೆ. ಅವರು ಮುಖ ತಿರುಗಿಸಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು, ಕ್ಷಮೆ ಕೇಳುವವರ ಹಾಗೆ. ಬೇಡವೆನ್ನುತ್ತಿದ್ದದ್ದು ಅವರಲ್ಲ, ಅವರ ಗಂಟಲು.

ನಾನು ಬಟ್ಟಲು ಕೆಳಗಿಟ್ಟು ಒಂದು ಬಿಳಿ ತಟ್ಟೆ ತಂದೆ. ಒಂದು ಚಮಚ ಹಾಕಿ, ಚಮಚದ ಬೆನ್ನಿನಿಂದ ತಟ್ಟೆಯ ತುಂಬ ಹರಡಿದೆ. ತಟ್ಟೆಯ ಬಿಳುಪು ಕಾಣುವಷ್ಟು, ಒಂದು ಎಳೆಯಿದ್ದರೂ ಅಡಗದಷ್ಟು ತೆಳ್ಳಗೆ. ಅವರ ತೊಡೆಯ ಮೇಲಿಟ್ಟೆ.

"ನೋಡಿ ಮಾವ."

ಅವರು ನೋಡಿದರು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ನಿಧಾನವಾಗಿ. ಆಮೇಲೆ ಕೇಳಿದರು:

"ನೀನು ಏನಾದ್ರೂ ತಿಂದೆಯಾ ಮಗಳೇ?"

"ಇಲ್ಲ."

"ಯಾವಾಗಿಂದ?"

ಯೋಚಿಸಬೇಕಾಯಿತು. ಅತ್ತೆ ನನ್ನ ಕಡೆ ತಿರುಗಿದರು. ನಾನು ಚಮಚದಿಂದ ತಟ್ಟೆಯನ್ನು ಕೆರೆದು, ಬಂದದ್ದನ್ನು ಬಾಯಿಗೆ ಹಾಕಿ ನುಂಗಿದೆ. ಬಿಸಿಯಾಗಿತ್ತು. ಕ್ಯಾರೆಟ್ ಸಿಹಿಯಾಗಿತ್ತು.

ಬೇರೆ ಚಮಚದಿಂದ ಎರಡನೆಯದನ್ನು ಹರಡಿದೆ. ಅವರು ನೋಡಿದರು. ಬಾಯಿ ತೆರೆದರು. ಗಂಟಲ ಗಂಟು ಮೇಲಕ್ಕೆ ಹೋಯಿತು, ನಿಂತಿತು, ಕೆಳಕ್ಕೆ ಇಳಿಯಿತು. ನಾವು ಮೂವರೂ ಅದನ್ನೇ ನೋಡುತ್ತಿದ್ದೆವು.

"ಎಲ್ಲಾ ಚಮಚಾನೂ ಹೀಗೇ ಹರಡ್ತೀಯಾ?" ಪಿಸುದನಿಯಲ್ಲಿ ಕೇಳಿದರು.

"ಹರಡ್ತೀನಿ."

"ಹಾಗಿದ್ರೆ ಸಂಜೆ ಆಗುತ್ತೆ."

"ಆಗಲಿ," ಎಂದು ಮೂರನೆಯದನ್ನು ತಟ್ಟೆಗೆ ಹಾಕಿದೆ.